ಜುರಾಸಿಕ್ ಪಾರ್ಕ್, ಜುರಾಸಿಕ್ ವರ್ಲ್ಡ್: ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ

ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ ‘ಜುರಾಸಿಕ್ ಪಾರ್ಕ್’ ಅಮೆರಿಕದಲ್ಲಿ 1993ರ ಜೂನ್‌ನಲ್ಲಿ ತೆರೆಕಂಡು, ಮರುವರ್ಷ ಹಿಂದಿಗೆ ಡಬ್ ಆಗಿ ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂದಿತು. ನಮ್ಮ ತಾಲ್ಲೂಕು ಕೇಂದ್ರದ ಚಿತ್ರಮಂದಿರವನ್ನು ಅದು ತಲುಪಿದಾಗ ನನಗೆ ಹತ್ತು ವರ್ಷ. ಹಿಂದಿ ಅಷ್ಟಾಗಿ ಬಾರದ ನನಗೆ ಅರ್ಧಕ್ಕರ್ಧ ಮಾತುಗಳು ಅರ್ಥವಾಗಿರಲಿಲ್ಲ. ಆದರೂ ಅಪ್ಪನ ತೋಳನ್ನು ಬಿಗಿಯಾಗಿ ಹಿಡಿದು ಕುಳಿತಿದ್ದ ಆ ಎರಡು ಗಂಟೆಗಳಲ್ಲಿ ಕಥೆಯ ಎಳೆ ಒಮ್ಮೆಯೂ ಕೈತಪ್ಪಲಿಲ್ಲ. ಕಾಲಿನ್ ಟ್ರೆವೊರೊ ನಿರ್ದೇಶನದ ‘ಜುರಾಸಿಕ್ ವರ್ಲ್ಡ್’ 2015ರ ಜೂನ್‌ನಲ್ಲಿ ಬಂದಾಗ ಬೆಂಗಳೂರಿನ ಮಲ್ಟಿಪ್ಲೆಕ್ಸೊಂದರಲ್ಲಿ 3ಡಿ ಕನ್ನಡಕ ಹಾಕಿಕೊಂಡು ನೋಡಿದೆ, ಸಂತೋಷದಿಂದಲೇ ಹೊರಬಂದೆ. ಆದರೆ ವಾರ ಕಳೆಯುವಷ್ಟರಲ್ಲಿ ಅದರ ಬಹುಪಾಲು ದೃಶ್ಯಗಳು ಮನಸ್ಸಿನಿಂದ ಅಳಿಸಿಹೋಗಿದ್ದವು. 1994ರಲ್ಲಿ ಕಂಡ ಮಳೆಯ ರಾತ್ರಿ ಮಾತ್ರ ಹಾಗೆಯೇ ಉಳಿದಿತ್ತು. ಇದು ನನ್ನ ಬಾಲ್ಯದ ಮೋಹವೋ, ಆ ಚಿತ್ರಗಳಲ್ಲೇ ಇರುವ ವ್ಯತ್ಯಾಸವೋ ಎಂಬುದನ್ನು ಒಮ್ಮೆ ನೆಟ್ಟಗೆ ಪರೀಕ್ಷಿಸಬೇಕೆಂದು ಬಹಳ ಕಾಲದಿಂದ ಅಂದುಕೊಂಡಿದ್ದೆ.

ಅದಕ್ಕೆ ಅವಕಾಶ ಒದಗಿದ್ದು ಬೇಸಿಗೆ ರಜೆಗೆಂದು ಅಕ್ಕನ ಮಗಳು ನಮ್ಮ ಮನೆಗೆ ಬಂದಾಗ. ಅವಳಿಗೆ ಒಂಬತ್ತು ವರ್ಷ, ಎರಡು ಚಿತ್ರಗಳಲ್ಲಿ ಯಾವುದನ್ನೂ ನೋಡಿರಲಿಲ್ಲ, ಹಾಗಾಗಿ ಹಳೆಯ ನೆನಪುಗಳ ಹಂಗು ಅವಳಿಗಿರಲಿಲ್ಲ. ಒಂದೇ ಟಿವಿಯಲ್ಲಿ, ದೀಪ ಆರಿಸಿ, ಫೋನುಗಳನ್ನು ಒಳಕೋಣೆಯಲ್ಲಿಟ್ಟು, ಮೂಲ ಇಂಗ್ಲಿಷ್ ಮಾತುಗಳೊಂದಿಗೆ ಎರಡನ್ನೂ ಎರಡು ಸಂಜೆ ಒಂದಾದ ಮೇಲೊಂದರಂತೆ ನೋಡಿದೆವು. ಹದಿನೈದು ದಿನಗಳ ನಂತರ ಕ್ರಮವನ್ನು ಹಿಂದುಮುಂದಾಗಿಸಿ, ಹೊಸದನ್ನು ಮೊದಲು, ಹಳೆಯದನ್ನು ಆಮೇಲೆ ನೋಡಿದೆವು. ಒಂದು 127 ನಿಮಿಷ, ಇನ್ನೊಂದು 124 ನಿಮಿಷ. ಉದ್ದದಲ್ಲಿ ಹೆಚ್ಚುಕಡಿಮೆ ಸಮಾನ. ನಡುವೆ 1997 ಮತ್ತು 2001ರಲ್ಲಿ ಬಂದ ಎರಡು ಭಾಗಗಳನ್ನು ಬೇಕೆಂದೇ ಬಿಟ್ಟೆ; ಜುರಾಸಿಕ್ ವರ್ಲ್ಡ್ ಕೂಡ ಅವುಗಳ ಗೋಜಿಗೆ ಹೋಗದೆ, ಡೈನೋಸಾರ್‌ಗಳನ್ನು ಮತ್ತೆ ಹುಟ್ಟಿಸಿ ಉದ್ಯಾನ ಕಟ್ಟಿದ, ಮೊದಲ ಚಿತ್ರದ ಇಸ್ಲಾ ನುಬ್ಲಾರ್ ದ್ವೀಪಕ್ಕೇ ಮರಳಿ ಅದಕ್ಕೇ ತನ್ನನ್ನು ಜೋಡಿಸಿಕೊಳ್ಳುತ್ತದೆ.

ಮೊದಲ ಚಿತ್ರದಲ್ಲಿ ಡೈನೋಸಾರ್ ಒಂದನ್ನು ನಾವು ಪೂರ್ತಿಯಾಗಿ ನೋಡುವುದು ಸುಮಾರು 20 ನಿಮಿಷ ಕಳೆದ ಮೇಲೆ. ಅದನ್ನು ತೋರಿಸುವ ಬಗೆಯನ್ನು ಗಮನಿಸಬೇಕು. ಜೀಪು ನಿಲ್ಲುತ್ತದೆ. ಸಸ್ಯಶಾಸ್ತ್ರಜ್ಞೆ ಎಲ್ಲಿ ಸ್ಯಾಟ್ಲರ್ ಕೈಯಲ್ಲೊಂದು ಎಲೆ ಹಿಡಿದು, ಈ ಗಿಡ ನಶಿಸಿಹೋಗಿ ಯುಗಗಳೇ ಕಳೆದಿವೆಯಲ್ಲ ಎಂದು ತನ್ನಷ್ಟಕ್ಕೆ ಮಾತಾಡುತ್ತಿದ್ದಾಳೆ. ಪಕ್ಕದಲ್ಲಿ ಪಳೆಯುಳಿಕೆ ತಜ್ಞ ಅಲನ್ ಗ್ರಾಂಟ್ ಏನನ್ನೋ ಕಂಡು ಎದ್ದು ನಿಲ್ಲುತ್ತಾನೆ, ಟೋಪಿ ತೆಗೆಯುತ್ತಾನೆ, ನಡುಗುವ ಕೈಯಿಂದ ಕಪ್ಪು ಕನ್ನಡಕ ತೆಗೆಯುತ್ತಾನೆ. ಬಾಯಿಂದ ಮಾತು ಹೊರಡದೆ, ಎಲೆಯಲ್ಲೇ ಮುಳುಗಿರುವ ಅವಳ ತಲೆಯನ್ನು ಕೈಯಿಂದ ಹಿಡಿದು ಆ ಕಡೆಗೆ ತಿರುಗಿಸುತ್ತಾನೆ. ಅವಳ ಬಾಯಿ ತೆರೆದುಕೊಳ್ಳುತ್ತದೆ. ಇಷ್ಟಾದರೂ ನಮಗೆ ಏನೂ ಕಂಡಿಲ್ಲ. ಆಮೇಲೆ ತೆರೆಯ ತುಂಬ ಬ್ರಾಕಿಯೋಸಾರಸ್ ನಡೆದುಬರುತ್ತದೆ, ಹಿಂದಿನ ಕಾಲುಗಳ ಮೇಲೆ ನಿಂತು ಮರದ ತುದಿಯ ಎಲೆ ಕೀಳುತ್ತದೆ, ಮುಂಗಾಲುಗಳನ್ನು ನೆಲಕ್ಕಿಳಿಸಿದಾಗ ಭೂಮಿ ಅದುರುತ್ತದೆ. ಜಾನ್ ವಿಲಿಯಮ್ಸ್ ಅವರ ಸಂಗೀತ ಆ ಹೊತ್ತಿಗೆ ದೇವಸ್ಥಾನದ ಬಾಗಿಲು ತೆರೆದಾಗಿನ ಗಂಭೀರತೆಯಿಂದ ಮೇಲೇಳುತ್ತದೆ. ಬದುಕೆಲ್ಲ ಎಲುಬುಗಳನ್ನು ಅಗೆದ ಇಬ್ಬರು ಜೀವಂತ ಪ್ರಾಣಿಯ ಮುಂದೆ ನಿಂತಿದ್ದಾರೆ ಎಂಬುದನ್ನು ಚಿತ್ರ ನಮಗೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮೊದಲು ಅವರ ಮುಖ ನೋಡಿದ ನಾವು ಅವರ ಕಣ್ಣಿಂದಲೇ ಆ ಪ್ರಾಣಿಯನ್ನು ನೋಡುತ್ತೇವೆ.

ಜುರಾಸಿಕ್ ವರ್ಲ್ಡ್‌ನಲ್ಲಿ ಇದೇ ಸಂಗೀತ ಮತ್ತೆ ಬರುತ್ತದೆ. ಗ್ರೇ ಎಂಬ ಚಿಕ್ಕ ಹುಡುಗ ಹೋಟೆಲಿನ ಕೋಣೆಯೊಳಗೆ ಓಡಿ, ಬಾಲ್ಕನಿಯ ಬಾಗಿಲು ತಳ್ಳಿ ಹೊರಗೆ ನೋಡುತ್ತಾನೆ; ಅದೇ ರಾಗ ಅಷ್ಟೇ ವೈಭವದಿಂದ ತುಂಬಿಕೊಳ್ಳುತ್ತದೆ. ಆದರೆ ಕ್ಯಾಮೆರಾ ತೋರಿಸುವುದು ಉದ್ಯಾನದ ಮುಖ್ಯ ಬೀದಿಯನ್ನು, ಕಟ್ಟಡಗಳನ್ನು, ಕೆರೆಯನ್ನು, ಜನಸಂದಣಿಯನ್ನು. ಮೊದಲ ಸಲ ನೋಡಿದಾಗ ನನ್ನ ಮೈಯಲ್ಲೂ ರೋಮಾಂಚನವಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಈ ಸಲ ಹಿಂದಿನ ದಿನದ ನೆನಪು ಹಸಿಯಾಗಿದ್ದಾಗ ಅರ್ಥವಾಯಿತು: ಆ ರೋಮಾಂಚನ ಹುಟ್ಟಿದ್ದು ಬ್ರಾಕಿಯೋಸಾರಸ್‌ನಿಂದ, ಈ ಚಿತ್ರ ಅದನ್ನು ಕಡವಾಗಿ ತಂದಿದೆ. ಅಕ್ಕನ ಮಗಳಿಗೆ ಕ್ರಮ ಬದಲಿಸಿ ತೋರಿಸಿದಾಗಲೂ ಬಾಲ್ಕನಿಯ ದೃಶ್ಯ ಹಾಗೇ ಕಳೆದುಹೋಯಿತು.

ಟೈರನೋಸಾರಸ್ ರೆಕ್ಸ್ ಬೇಲಿ ಕಿತ್ತು ಹೊರಬರುವ ರಾತ್ರಿಯ ಬಗ್ಗೆ ತುಸು ವಿಸ್ತಾರವಾಗಿಯೇ ಬರೆಯಬೇಕು, ಏಕೆಂದರೆ ಈ ಹೋಲಿಕೆಯ ತಿರುಳು ಅಲ್ಲಿದೆ. ವಿದ್ಯುತ್ ಹೋಗಿ ಎರಡು ಕಾರುಗಳು ಮಳೆಯಲ್ಲಿ ನಿಂತಿವೆ. ಮೊದಲು ಕೇಳುವುದು ಹೆಜ್ಜೆಯ ಸದ್ದು, ಕಾಣುವುದು ಲೋಟದ ನೀರಿನಲ್ಲಿ ಏಳುವ ಉಂಗುರಗಳು. ಕಾರಿನ ಕೆಳಗಿನಿಂದ ಗಿಟಾರಿನ ತಂತಿ ಕಟ್ಟಿ, ಅದನ್ನು ಮೀಟಿ ಆ ಉಂಗುರಗಳನ್ನು ಎಬ್ಬಿಸಿದ್ದರಂತೆ. ಆಮೇಲೆ ಬೇಲಿಯಾಚೆ ಕಟ್ಟಿದ್ದ ಆಡು ಮಾಯವಾಗಿರುತ್ತದೆ, ಅದರ ಒಂದು ಕಾಲು ಕಾರಿನ ಗಾಜಿನ ಮಾಡಿನ ಮೇಲೆ ಬೀಳುತ್ತದೆ, ಬೇಲಿಯ ತಂತಿಯ ಮೇಲೆ ಒಂದು ಉಗುರು ಬಂದು ಕೂರುತ್ತದೆ. ಈ ಇಡೀ ದಾಳಿಗೆ ಹಿನ್ನೆಲೆ ಸಂಗೀತವೇ ಇಲ್ಲ. ಮಳೆ, ಉಸಿರು, ತಗಡು ಮುರಿಯುವ ಸದ್ದು, ಆನೆಮರಿಯ ಘೀಳನ್ನೂ ಬೇರೆ ಪ್ರಾಣಿಗಳ ಧ್ವನಿಯನ್ನೂ ಬೆಸೆದು ಗ್ಯಾರಿ ರೈಡ್‌ಸ್ಟ್ರಾಮ್ ಕಟ್ಟಿದ ಆ ಗರ್ಜನೆ, ಇಷ್ಟೇ. ಕಾರಿನಲ್ಲಿದ್ದ ಹುಡುಗಿ ಗಾಬರಿಯಿಂದ ಟಾರ್ಚ್ ಹಾಕಿದಾಗ ಕಿಟಕಿಗೆ ಬಂದು ನಿಲ್ಲುವ ಕಣ್ಣಿನ ಪಾಪೆ ಬೆಳಕಿಗೆ ಕುಗ್ಗುತ್ತದೆ. ಆ ಒಂದು ಕ್ಷಣದಲ್ಲಿ ಅದು ಚಿತ್ರದ ಪ್ರಾಣಿಯಾಗಿ ಉಳಿಯುವುದಿಲ್ಲ, ನಮ್ಮನ್ನು ನೋಡುವ ಪ್ರಾಣಿಯಾಗುತ್ತದೆ. ಅಕ್ಕನ ಮಗಳು ಇಲ್ಲಿಯೇ ನೆಲದ ಮೇಲಿದ್ದ ಕಾಲುಗಳನ್ನು ಸದ್ದಿಲ್ಲದೆ ಸೋಫಾದ ಮೇಲಕ್ಕೆ ಎಳೆದುಕೊಂಡಳು.

ಆ ಕಣ್ಣು ನಿಜವಾಗಿಯೂ ಅಲ್ಲಿತ್ತು. ಸ್ಟಾನ್ ವಿನ್‌ಸ್ಟನ್ ಅವರ ಕಾರ್ಯಾಗಾರ ಸುಮಾರು 40 ಅಡಿ ಉದ್ದದ ಯಂತ್ರಚಾಲಿತ ಟಿ. ರೆಕ್ಸ್ ಒಂದನ್ನು ಕಟ್ಟಿ, ಕೃತಕ ಮಳೆಯಲ್ಲಿ ನಿಲ್ಲಿಸಿತ್ತು. ಅದರ ಚರ್ಮದ ಸ್ಪಂಜಿನಂಥ ರಬ್ಬರ್ ನೀರು ಹೀರಿಕೊಂಡು ಭಾರವಾಗಿ, ಯಂತ್ರ ನಡುಗತೊಡಗುತ್ತಿತ್ತೆಂದೂ ಪ್ರತಿ ಸಲವೂ ಅದನ್ನು ಒರೆಸಿ ಒಣಗಿಸಬೇಕಾಗುತ್ತಿತ್ತೆಂದೂ ಅಲ್ಲಿ ದುಡಿದವರು ಹೇಳಿಕೊಂಡಿದ್ದಾರೆ. ಓಡುವ, ನಡೆಯುವ ದೃಶ್ಯಗಳನ್ನು ಮೊದಲು ಫಿಲ್ ಟಿಪೆಟ್ ಅವರ ಕೈಯಲ್ಲಿ ಸಣ್ಣ ಬೊಂಬೆಗಳನ್ನು ಒಂದೊಂದೇ ಚೌಕಟ್ಟಿಗೆ ಕದಲಿಸಿ ತೆಗೆಯುವ ಯೋಜನೆಯಿತ್ತು. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್‌ನ ತಂತ್ರಜ್ಞರು ಕಂಪ್ಯೂಟರಿನಲ್ಲಿ ನಡೆಸಿ ತೋರಿಸಿದ ಟಿ. ರೆಕ್ಸ್ ಕಂಡ ಮೇಲೆ ಸ್ಪೀಲ್‌ಬರ್ಗ್ ಮನಸ್ಸು ಬದಲಿಸಿದರು. ಆದರೆ ಟಿಪೆಟ್ ಅವರನ್ನು ಕಳಿಸಿಬಿಡದೆ, ಪ್ರಾಣಿಗಳ ಚಲನೆಯ ಮೇಲ್ವಿಚಾರಣೆಗೆ ಉಳಿಸಿಕೊಂಡರು. ಪ್ರಾಣಿ ಹೇಗೆ ತೂಕ ಹೊರುತ್ತದೆ, ಹೇಗೆ ತಿರುಗುತ್ತದೆ ಎಂಬುದನ್ನು ಕೈಯಿಂದ ಬಲ್ಲವನೊಬ್ಬ ಕಂಪ್ಯೂಟರಿನ ಪಕ್ಕದಲ್ಲಿ ಕುಳಿತಿದ್ದರಿಂದಲೇ ಆ ಚಿತ್ರದ ಡೈನೋಸಾರ್‌ಗಳು ಮೂವತ್ತು ವರ್ಷ ದಾಟಿದರೂ ಹಳತಾಗಿಲ್ಲ ಎಂದು ನಾನು ನಂಬುತ್ತೇನೆ. ಇಡೀ ಚಿತ್ರದಲ್ಲಿ ಡೈನೋಸಾರ್‌ಗಳು ಕಾಣಿಸುವುದು ಸುಮಾರು 15 ನಿಮಿಷ, ಅದರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್‌ನ ಪಾಲು ಸುಮಾರು 6 ನಿಮಿಷ. ಉಳಿದ ಹೊತ್ತೆಲ್ಲ ನಾವು ಕಾಯುತ್ತೇವೆ, ಕಿವಿಗೊಡುತ್ತೇವೆ.

ಜುರಾಸಿಕ್ ವರ್ಲ್ಡ್‌ನ ಇಂಡಾಮಿನಸ್ ರೆಕ್ಸ್ ಪ್ರಯೋಗಾಲಯದಲ್ಲಿ ಹಲವು ಜೀವಿಗಳ ವಂಶವಾಹಿ ಸೇರಿಸಿ ತಯಾರಿಸಿದ ಪ್ರಾಣಿ. ಅದು ಬಣ್ಣ ಬದಲಿಸಿ ಮರೆಯಾಗಬಲ್ಲದು, ಮೈಯ ಶಾಖವನ್ನು ಉಪಕರಣಗಳಿಗೆ ಸಿಗದಂತೆ ಅಡಗಿಸಬಲ್ಲದು, ಉಪಾಯ ಹೂಡಬಲ್ಲದು. ಅದರ ಮೊದಲ ದಾಳಿ ಬಹಳ ಚೆನ್ನಾಗಿದೆ ಎಂದು ಒಪ್ಪಲೇಬೇಕು. ಗೋಡೆಯ ಮೇಲೆ ಉಗುರಿನ ಗೀರುಗಳನ್ನು ಕಂಡು ಪ್ರಾಣಿ ತಪ್ಪಿಸಿಕೊಂಡಿದೆಯೆಂದು ಒಳಗಿಳಿದವರಿಗೆ ಅದು ಒಳಗೇ ಇದೆಯೆಂದು ತಿಳಿಯುವ ಹೊತ್ತು, ಉದ್ಯಾನದಲ್ಲಿ ಪ್ರಾಣಿ ಪಳಗಿಸುವ ಓವನ್ ವಾಹನದ ಅಡಿಯಲ್ಲಿ ಮಲಗಿ ಇಂಧನದ ಕೊಳವೆ ಕತ್ತರಿಸಿ ತನ್ನ ವಾಸನೆ ಮುಚ್ಚಲು ಪೆಟ್ರೋಲನ್ನು ಮೈಮೇಲೆ ಸುರಿದುಕೊಳ್ಳುವ ಹೊತ್ತು, ಎರಡೂ ಉಸಿರು ಬಿಗಿಹಿಡಿಸುತ್ತವೆ. ಆದರೆ ಮುಂದಕ್ಕೆ ಹೋದಂತೆ ಕಥೆಗೆ ಏನು ಬೇಕೋ ಆ ಶಕ್ತಿ ಆ ಪ್ರಾಣಿಗೆ ಒದಗುತ್ತ ಹೋಗುತ್ತದೆ. ಟಿ. ರೆಕ್ಸ್‌ಗೆ ಹಸಿವಿತ್ತು, ಕದಲಿದ್ದಷ್ಟೇ ಕಾಣುವ ಕಣ್ಣಿತ್ತು. ಅದರ ಮಿತಿಗಳನ್ನು ನಮಗೆ ಮೊದಲೇ ಹೇಳಿಕೊಟ್ಟಿದ್ದರಿಂದ ಕದಲದೆ ನಿಂತವರ ಜೊತೆ ನಾವೂ ಕದಲದೆ ಕುಳಿತೆವು. ಮಿತಿಯೇ ಇಲ್ಲದ ಪ್ರಾಣಿಯ ಎದುರು ಪ್ರೇಕ್ಷಕ ಹಾಗೆ ಭಾಗಿಯಾಗಲು ದಾರಿಯಿರುವುದಿಲ್ಲ.

ಹಾಗೆಂದು ಹೊಸ ಚಿತ್ರ ಬರಿಗೈಯಲ್ಲಿ ಬಂದಿದೆಯೆಂದಲ್ಲ. ಮೊದಲ ಚಿತ್ರದಲ್ಲಿ ಉದ್ಯಾನ ತೆರೆಯುವ ಮೊದಲೇ ಕುಸಿಯಿತು. ಇಲ್ಲಿ ಅದು ನಿಜವಾಗಿಯೂ ನಡೆಯುತ್ತಿದೆ, ಒಂದೇ ದಿನ 20,000ಕ್ಕೂ ಹೆಚ್ಚು ಪ್ರವಾಸಿಗರು ಒಳಗಿದ್ದಾರೆ. ತೂಗುಬಿಟ್ಟ ಶಾರ್ಕ್ ಮೀನಿಗೆ ಮೋಸಸಾರಸ್ ನೀರಿನಿಂದ ಚಿಮ್ಮುವುದು, ನೋಡುಗರೆಲ್ಲ ತೊಯ್ದು ತೊಪ್ಪೆಯಾಗುವುದು, ಆಸನಗಳ ಸಾಲು ಹಾಗೆಯೇ ಕೆಳಗಿಳಿದು ಗಾಜಿನಾಚೆ ನೀರೊಳಗಿನ ನೋಟ ತೆರೆಯುವುದು, ಇವೆಲ್ಲ ನಿಜಕ್ಕೂ ಇದ್ದಿದ್ದರೆ ನಾವೂ ಸರದಿಯಲ್ಲಿ ನಿಲ್ಲುತ್ತಿದ್ದೆವು. ಗೋಳದಂಥ ಗಾಜಿನ ವಾಹನದಲ್ಲಿ ಕುಳಿತು ಸಸ್ಯಾಹಾರಿಗಳ ನಡುವೆ ಉರುಳಿಕೊಂಡು ಹೋಗುವ ಕಲ್ಪನೆಗೆ ಅಕ್ಕನ ಮಗಳು ಮನಸೋತಳು. ಹಾಗೆಯೇ ರಾಪ್ಟರ್ ಎಂಬ ಚುರುಕು ಬೇಟೆಗಾರ ಡೈನೋಸಾರ್‌ಗಳ ವಿಷಯ: ಹಳೆಯ ಚಿತ್ರದಲ್ಲಿ ಬಾಗಿಲಿನ ಹಿಡಿಕೆ ತಿರುಗಿಸಿ ಅಡುಗೆಮನೆಗೆ ನುಗ್ಗಿದ ಅವು ಬರೀ ಭಯ, ಇಲ್ಲಿ ಬ್ಲೂ, ಚಾರ್ಲಿ, ಡೆಲ್ಟಾ, ಎಕೋ ಎಂಬ ಹೆಸರುಗಳಿಂದ, ತಮ್ಮನ್ನು ಸಾಕಿದ ಓವನ್‌ನೊಂದಿಗೆ ಅರೆನಂಬಿಕೆಯ ಸಂಬಂಧದಿಂದ ಪಾತ್ರಗಳೇ ಆಗಿವೆ. ಇದು ನಿಜವಾದ ಗಳಿಕೆ, ಮೊದಲ ಚಿತ್ರದಲ್ಲಿ ಇಲ್ಲದ್ದು.

ಇಷ್ಟು ಒಳ್ಳೆಯ ಬಿತ್ತನೆಯಿದ್ದೂ ಬೆಳೆ ಸೊರಗಿದ್ದೇಕೆ ಎಂಬುದೇ ನನ್ನ ದೂರು. ಈಗ ಡೈನೋಸಾರ್ ಕಂಡು ಯಾರೂ ಬೆರಗಾಗುವುದಿಲ್ಲ, ಅದಕ್ಕೇ ಪ್ರತಿ ಸಲವೂ ಹೊಸದು, ದೊಡ್ಡದು, ಹೆಚ್ಚು ಹಲ್ಲುಳ್ಳದ್ದು ಬೇಕು ಎಂದು ಉದ್ಯಾನದ ಆಡಳಿತ ನಡೆಸುವ ಕ್ಲೇರ್ ಆರಂಭದಲ್ಲೇ ಹೇಳುತ್ತಾಳೆ. ಟಿ. ರೆಕ್ಸ್‌ಗೆ ಆಡು ಕೊಡುವ ಹೊತ್ತಿನಲ್ಲಿ ಗ್ರೇಯ ಅಣ್ಣ ಜಾಕ್ ಬೆನ್ನು ತಿರುಗಿಸಿ ಫೋನಿನಲ್ಲಿ ಮಾತಾಡುತ್ತಿರುತ್ತಾನೆ. ಬೆರಗು ಸತ್ತ ಲೋಕವನ್ನು ಇದಕ್ಕಿಂತ ಚುರುಕಾಗಿ ತೋರಿಸಲಾಗದು. ಅಂಥ ಕಾಯಿಲೆಯನ್ನು ಕಂಡುಹಿಡಿದ ಚಿತ್ರ ಮದ್ದನ್ನೂ ಕೊಡಬೇಕಿತ್ತು, ಆ ಹುಡುಗನ ತಲೆಯನ್ನು ಗ್ರಾಂಟ್‌ನಂತೆ ಹಿಡಿದು ತಿರುಗಿಸಬೇಕಿತ್ತು. ಬದಲಿಗೆ ಅದು ತಾನೇ ಟೀಕಿಸಿದ ದಾರಿ ಹಿಡಿದು, ಹಾರುವ ಟೆರೊಸಾರ್‌ಗಳ ಹಿಂಡು, ರಾಪ್ಟರ್‌ಗಳ ಸೈನಿಕ ಕಾರ್ಯಾಚರಣೆ, ಕೊನೆಗೆ ಮೂರು ನಾಲ್ಕು ಪ್ರಾಣಿಗಳ ಒಟ್ಟು ಕಾದಾಟ ಎಂದು ಒಂದರ ಮೇಲೊಂದು ಪೇರಿಸುತ್ತದೆ. ಈ ಮಾರ್ಗಕ್ಕೆ ಫಲ ಸಿಕ್ಕಿತು, ಜಗತ್ತಿನಾದ್ಯಂತ ಸುಮಾರು 167 ಕೋಟಿ ಡಾಲರ್ ಗಳಿಕೆಯಾಯಿತು. ಮುಂದಿನ ಭಾಗಗಳೂ ಸಾಲಾಗಿ ಬಂದವು.

ಮನುಷ್ಯರ ವಿಷಯದಲ್ಲಿ ಭಾರತೀಯ ಪ್ರೇಕ್ಷಕರಿಗೆ ಹತ್ತಿರವಾದ ಒಂದು ಕೊಂಡಿಯಿದೆ. ಹಳೆಯ ಉದ್ಯಾನದ ಒಡೆಯ ಜಾನ್ ಹ್ಯಾಮಂಡ್ ಪಾತ್ರ ಮಾಡಿದವರು, ಗಾಂಧೀಜಿಯ ಬದುಕನ್ನು 1982ರಲ್ಲಿ ತೆರೆಗೆ ತಂದ ನಿರ್ದೇಶಕ ರಿಚರ್ಡ್ ಅಟೆನ್‌ಬರೊ. ಹೊಸ ಉದ್ಯಾನವನ್ನು ಹ್ಯಾಮಂಡ್‌ನಿಂದ ವಹಿಸಿಕೊಂಡ ಸೈಮನ್ ಮಸ್ರಾನಿಯಾಗಿ ನಟಿಸಿದವರು ನಮ್ಮ ಇರ್ಫಾನ್ ಖಾನ್. ಮೊದಲ ಚಿತ್ರ ಬಂದ ಕಾಲದಲ್ಲಿ ಅದರ ಟಿಕೆಟಿಗೂ ತಮ್ಮಲ್ಲಿ ಹಣವಿರಲಿಲ್ಲವೆಂದು ಇರ್ಫಾನ್ ಹೇಳಿಕೊಂಡಿದ್ದರು. ಅದೇ ದ್ವೀಪದ ಒಡೆಯನಾಗಿ ಅವರನ್ನು ಕಾಣುವಾಗ ಕಣ್ಣು ತೇವವಾಗುತ್ತದೆ. ಪ್ರಾಣಿಗಳು ಸಂತೋಷವಾಗಿವೆಯೇ ಎಂದು ಮಸ್ರಾನಿ ಕೇಳುವಾಗ, ಅದನ್ನು ಅವುಗಳ ಕಣ್ಣುಗಳಲ್ಲಿ ನೋಡಬೇಕೆಂದು ಹೇಳುವಾಗ, ಇಡೀ ಚಿತ್ರದ ಮನಸ್ಸಾಕ್ಷಿ ಆ ಒಬ್ಬ ನಟನ ಕಂಠದಲ್ಲಿ ಕೇಳಿಸುತ್ತದೆ. ಚಿತ್ರ ಮಾತ್ರ ಅರ್ಧದಾರಿಯಲ್ಲೇ ಅವರನ್ನು ಹೆಲಿಕಾಪ್ಟರ್ ಅಪಘಾತಕ್ಕೆ ಬಲಿಕೊಟ್ಟು ಮುಂದೆ ಹೋಗುತ್ತದೆ. ಹ್ಯಾಮಂಡ್‌ಗೆ ಸಿಕ್ಕ ಭಾಗ್ಯ ಬೇರೆ. ಮೊಮ್ಮಕ್ಕಳು ಎಲ್ಲಿದ್ದಾರೆಂದು ತಿಳಿಯದ ರಾತ್ರಿ ಅವನು ಖಾಲಿ ಊಟದ ಮನೆಯಲ್ಲಿ ಕುಳಿತು, ಕರಗಿಹೋಗುತ್ತಿರುವ ಐಸ್‌ಕ್ರೀಂ ತಿನ್ನುತ್ತ, ತಾನು ಹಿಂದೆ ನಡೆಸುತ್ತಿದ್ದ ಚಿಗಟಗಳ ಸರ್ಕಸ್ಸಿನ ಕಥೆ ಹೇಳುತ್ತಾನೆ. ಅಲ್ಲಿ ಚಿಗಟಗಳೇ ಇರಲಿಲ್ಲ, ಎಲ್ಲ ಭ್ರಮೆ. ಈ ಸಲ ಜನ ಕಂಡು ಮುಟ್ಟಬಹುದಾದ ನಿಜವೊಂದನ್ನು ಕೊಡಬೇಕೆಂದಿದ್ದೆ ಎನ್ನುತ್ತಾನೆ. ಡೈನೋಸಾರ್ ಒಂದೂ ಇಲ್ಲದ ಈ ದೃಶ್ಯದಲ್ಲಿ ಅಕ್ಕನ ಮಗಳು ಕದಲಲಿಲ್ಲ.

ಕ್ಲೇರ್ ಪಾತ್ರದ ಬಗ್ಗೆ ಒಂದು ಮಾತು. ಬ್ರೈಸ್ ಡಲ್ಲಾಸ್ ಹೊವರ್ಡ್ ಮನಸಾರೆ ನಟಿಸಿದ್ದಾರೆ. ಕೆಂಪು ಜ್ವಾಲೆಯ ಕಡ್ಡಿ ಹಿಡಿದು ಟಿ. ರೆಕ್ಸ್ ಅನ್ನು ಹೊರಗೆ ಕರೆತರುವ ಘಳಿಗೆ ಅವರದೇ. ಆದರೆ ದುಡಿಯುವ ಹೆಣ್ಣಿಗೆ ಮಕ್ಕಳಿಲ್ಲದಿರುವುದೇ ಕೊರತೆ ಎಂಬಂತೆ ಚಿತ್ರ ಅವಳನ್ನು ಮತ್ತೆ ಮತ್ತೆ ಚುಚ್ಚುವುದು, 22 ವರ್ಷ ಹಿಂದೆಯೇ ಎಲ್ಲಿ ಸ್ಯಾಟ್ಲರ್‌ಳನ್ನು ಯಾವ ವಿವರಣೆಯೂ ಇಲ್ಲದೆ ಧೀರಳಾಗಿ ಚಿತ್ರಿಸಿದ ಕಥೆಗೆ ಒಪ್ಪುವುದಿಲ್ಲ. ಕ್ಲೇರ್‌ಳ ಸಹಾಯಕಿಯನ್ನು ಟೆರೊಸಾರ್‌ಗಳು ಎತ್ತಿ ಎಸೆದಾಡಿ, ಕೊನೆಗೆ ಮೋಸಸಾರಸ್ ಬಾಯಿಗೆ ಹಾಕುವ ದೀರ್ಘ ಸಾವು ನನಗೆ ಸಹಿಸಲಾಗಲಿಲ್ಲ. ಅವಳು ಮಾಡಿದ ತಪ್ಪಾದರೂ ಏನು?

ವಿಜ್ಞಾನದ ಲೆಕ್ಕದಲ್ಲಿ ಎರಡೂ ಸ್ವಾತಂತ್ರ್ಯ ವಹಿಸಿವೆ. ನಿಜವಾದ ವೆಲೊಸಿರಾಪ್ಟರ್ ಟರ್ಕಿ ಕೋಳಿಯಷ್ಟೇ ದೊಡ್ಡದು. ಡೈಲೊಫೊಸಾರಸ್‌ನ ಕುತ್ತಿಗೆಯ ಕೊಡೆಗೂ ವಿಷದ ಉಗುಳಿಗೂ ಆಧಾರವಿಲ್ಲ. ಆದರೆ 1993ರಲ್ಲಿ, ಡೈನೋಸಾರ್‌ಗಳು ಹಕ್ಕಿಗಳ ಬಂಧುಗಳು, ಚುರುಕು ಜೀವಿಗಳು ಎಂಬ ಆಗಿನ ಹೊಸ ತಿಳಿವಳಿಕೆಯನ್ನು ಮೊದಲ ಚಿತ್ರ ಜಗತ್ತಿನ ಮನೆಮನೆಗೆ ತಲುಪಿಸಿತು. 1996ರಲ್ಲಿ ಚೀನಾದಿಂದ ಸಿನೊಸಾರೊಪ್ಟೆರಿಕ್ಸ್ ಎಂಬ ಪುಕ್ಕದ ಹೊದಿಕೆಯ ಡೈನೋಸಾರ್ ವರದಿಯಾದ ಮೇಲೆ, ಅನಂತರ ಅಂಥವು ಸಾಲುಸಾಲಾಗಿ ಸಿಕ್ಕ ಮೇಲೆ, 2015ರ ಚಿತ್ರ ಹಳೆಯ ಬೋಳು ಚರ್ಮವನ್ನೇ ಉಳಿಸಿಕೊಂಡಿತು. ವಂಶವಾಹಿ ಶುದ್ಧವಾಗಿದ್ದರೆ ಇವು ಬೇರೆಯೇ ರೂಪದಲ್ಲಿರುತ್ತಿದ್ದವೆಂದು ಆ ಪ್ರಾಣಿಗಳನ್ನು ತಯಾರಿಸುವ ವಿಜ್ಞಾನಿ ಡಾಕ್ಟರ್ ವೂ ಒಂದು ಸಾಲಿನಲ್ಲಿ ಸಮಜಾಯಿಷಿ ಕೊಡುತ್ತಾನೆ. ಒಂದು ಚಿತ್ರ ತನ್ನ ಕಾಲದ ವಿಜ್ಞಾನದ ಮುಂದೆ ಓಡಲು ಹವಣಿಸಿತು, ಇನ್ನೊಂದು ಪ್ರೇಕ್ಷಕರ ನೆನಪಿನ ಹಿಂದೆ ನಡೆಯಿತು.

ಕ್ರಮ ಬದಲಿಸಿ ನೋಡಿದ ಎರಡನೆಯ ಸುತ್ತಿನಲ್ಲಿ ಆ ನೆನಪಿನ ಪಾಲು ಎಷ್ಟೆಂಬುದು ಇನ್ನೂ ಸ್ಪಷ್ಟವಾಯಿತು. ಕಾಡಿನಲ್ಲಿ ದಾರಿತಪ್ಪಿದ ಹುಡುಗರು ಬಳ್ಳಿ ಹಬ್ಬಿದ ಹಳೆಯ ಸ್ವಾಗತ ಕಟ್ಟಡ ಹೊಕ್ಕು, ನೆಲದ ಮೇಲೆ ಬಿದ್ದಿರುವ ಬ್ಯಾನರ್, ಕತ್ತಲಲ್ಲಿ ನೋಡುವ ಕನ್ನಡಕ, ಧೂಳು ಹಿಡಿದ ಜೀಪು ಇವನ್ನೆಲ್ಲ ಕಂಡಾಗ ನನ್ನ ಎದೆ ತುಂಬಿಬಂದಿತ್ತು. ಆ ವಸ್ತುಗಳನ್ನು ಚಿತ್ರ ನಿಜವಾದ ಪ್ರೀತಿಯಿಂದ ಜೋಡಿಸಿದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಅವು ನನಗೆ ಸ್ಮಾರಕ. ಇದನ್ನೇ ಮೊದಲು ನೋಡುವ ಮಗುವಿಗೆ ಹಳೆಯ ಗುಜರಿ. ಮೊದಲ ಚಿತ್ರಕ್ಕೆ ಅಂಥ ಯಾವ ಊರುಗೋಲೂ ಬೇಕಾಗಿರಲಿಲ್ಲ.

ಹೊಸ ಚಿತ್ರದಲ್ಲಿ ಒಂದು ದೃಶ್ಯ ಮಾತ್ರ ಹಳೆಯದರ ಎತ್ತರಕ್ಕೆ ಏರುತ್ತದೆ. ಇಂಡಾಮಿನಸ್‌ನಿಂದ ಗಾಯಗೊಂಡ ಅಪಟೊಸಾರಸ್ ಒಂದು ಹುಲ್ಲಿನ ಮೇಲೆ ಬಿದ್ದಿದೆ. ಓವನ್ ಮೊದಲು ಅದರ ತಲೆ ಸವರುತ್ತಾನೆ. ಅಲ್ಲಿಯವರೆಗೆ ಪ್ರಾಣಿಗಳನ್ನು ಆಸ್ತಿಯ ಲೆಕ್ಕವಾಗಿ ಕಂಡಿದ್ದ ಕ್ಲೇರ್ ಅಳುಕುತ್ತ ಕೈಯಿಡುತ್ತಾಳೆ. ಅದು ನರಳಿ, ಉಸಿರು ಬಿಟ್ಟು, ಕಣ್ಣು ಮುಚ್ಚುತ್ತದೆ. ಆ ತಲೆ ಮತ್ತು ಕುತ್ತಿಗೆಯನ್ನು ಲೆಗಸಿ ಎಫೆಕ್ಟ್ಸ್‌ನ ಕುಶಲಕರ್ಮಿಗಳು ನಿಜವಾಗಿ ಕಟ್ಟಿದ್ದರು. ಕೈಗೆ ತಾಗುವ ಚರ್ಮವಿದ್ದಲ್ಲಿ ನಟರ ಬೆರಳುಗಳು ಸುಳ್ಳಾಡುವುದಿಲ್ಲ. ಇಡೀ ಚಿತ್ರ ಈ ಕೈಯ ದಾರಿಯಲ್ಲಿ ನಡೆದಿದ್ದರೆ ನಾನು ಈ ಹೋಲಿಕೆಯನ್ನು ಬೇರೆ ರೀತಿಯಲ್ಲಿ ಬರೆಯುತ್ತಿದ್ದೆ.

ಆ ಕೈಯ ದಾರಿ ಬಂದದ್ದು ಮೊದಲ ಚಿತ್ರದ ಟ್ರೈಸೆರಟಾಪ್ಸ್‌ನಿಂದ. ಕಾಯಿಲೆಬಿದ್ದು ಮಗ್ಗುಲಾಗಿ ಮಲಗಿರುವ ಆ ಕೊಂಬಿನ ಪ್ರಾಣಿಯ ಹೊಟ್ಟೆ ಉಸಿರಿಗೆ ಏರುತ್ತ ಇಳಿಯುತ್ತಿದೆ. ಗ್ರಾಂಟ್ ಅದರ ಮೇಲೆ ಒರಗಿ, ಕಿವಿಯಿಟ್ಟು, ಉಸಿರಿನೊಂದಿಗೆ ತಾನೂ ಏರಿ ಇಳಿಯುತ್ತಾನೆ. ಎಲ್ಲಿ ಸ್ಯಾಟ್ಲರ್ ಅದರ ನಾಲಿಗೆಯ ಮೇಲಿನ ಗುಳ್ಳೆಗಳನ್ನು ನೋಡಿ, ಏನು ತಿಂದಿದೆಯೆಂದು ತಿಳಿಯಲು ಆಳೆತ್ತರದ ಸಗಣಿಯ ರಾಶಿಯೊಳಗೆ ಕೈ ಹಾಕುತ್ತಾಳೆ. ಅಷ್ಟರಲ್ಲಿ ಬಿರುಗಾಳಿ ಬರುತ್ತದೆ, ಉಳಿದವರು ಹೊರಡುತ್ತಾರೆ, ಕಥೆ ಬೇರೆಡೆಗೆ ಹೋಗುತ್ತದೆ.

ಎರಡನೆಯ ಸುತ್ತು ಮುಗಿದ ಮರುದಿನ ಬೆಳಿಗ್ಗೆ, ದೋಸೆ ತಿನ್ನುತ್ತಿದ್ದ ಅಕ್ಕನ ಮಗಳು ತಟ್ಟನೆ ಕೇಳಿದಳು: “ಮಾಮ, ಆ ಕೊಂಬಿಂದು ಇತ್ತಲ್ಲ, ಅದಕ್ಕೆ ಆಮೇಲೆ ಹುಷಾರಾಯ್ತಾ?” ಚಿತ್ರ ಅದನ್ನು ಹೇಳುವುದಿಲ್ಲ ಎಂದೆ. ಅವಳು ಒಪ್ಪಲಿಲ್ಲ, ನಾವು ಸರಿಯಾಗಿ ನೋಡಿರಲಿಕ್ಕಿಲ್ಲ, ಇನ್ನೊಮ್ಮೆ ಹಾಕು ಎಂದಳು. ತಿಂಡಿ ಮುಗಿಸಿ ಆ ದೃಶ್ಯವನ್ನು ಮತ್ತೆ ಹಾಕಿದೆ. ಅವಳು ಟಿವಿಯ ಹತ್ತಿರ ಹೋಗಿ, ಬಾಗಿ, ಆ ಹೊಟ್ಟೆ ಎಷ್ಟು ಸಲ ಏರಿ ಇಳಿಯುತ್ತದೆಂದು ಎಣಿಸತೊಡಗಿದಳು.